ರಂಗೋಲಿ ಇಲ್ಲದ ಬೆಳಗು

ದಾವಣಗೆರೆಯ ಒಂದು ವಠಾರದಲ್ಲಿ ದಾಕ್ಷಾಯಿಣಿ ಎಂಬ ಹೆಂಗಸು ಮಗಳು ಹಂಸಳೊಂದಿಗೆ ಇದ್ದಳು. ಮನೆಪಾಠ ಹೇಳಿ ಸಂಸಾರ ನಡೆಸುತ್ತಿದ್ದಳು. ಅವಳಿಗೆ ವಾಸಿಯಾಗದ ಕೀಲುವಾತ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿರಲಿಲ್ಲ, ಮೊಣಕಾಲು ಬಗ್ಗುತ್ತಿರಲಿಲ್ಲ. ಕಾಯಿಲೆ ಹೆಚ್ಚಾದ ವರ್ಷವೇ ಗಂಡ ಬೇರೆ ಊರಿನಲ್ಲಿ ಬೇರೆ ಮನೆ ಮಾಡಿಕೊಂಡು ಹೋಗಿದ್ದ.

ಆದರೂ ವಠಾರದ ಎಲ್ಲರಿಗಿಂತ ದೊಡ್ಡ ರಂಗೋಲಿ ದಾಕ್ಷಾಯಿಣಿಯ ಬಾಗಿಲಲ್ಲೇ! ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಹಲ್ಲು ಕಚ್ಚಿ, ಯಾರೂ ಏಳುವ ಮೊದಲೇ ಹಾಕಿ ಮುಗಿಸುತ್ತಿದ್ದಳು. ಗಂಡ ಬಿಟ್ಟವಳು, ರೋಗದವಳು ಎಂದು ಯಾರೂ ಅಯ್ಯೋ ಅನ್ನಬಾರದು, ಅದೇ ಅವಳ ಹಟ. ಕಾಯಿಲೆಯ ವಿಷಯ ನೆರೆಯವರಿಗಿರಲಿ, ಒಡಹುಟ್ಟಿದವರಿಗೂ ಹೇಳಿರಲಿಲ್ಲ. ಆದರೆ ಬೆಳಗಿನ ಕಸುವೆಲ್ಲ ಆ ರಂಗೋಲಿಗೇ ಮುಗಿದುಹೋಗುತ್ತಿತ್ತು. ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಹಂಸ ಅಂಗಡಿ ಬನ್ನು ತಿಂದು ಶಾಲೆಗೆ ಹೋಗುತ್ತಿದ್ದಳು.

ಒಮ್ಮೆ ಹರಿಹರದಿಂದ ಬಂದ ಅಣ್ಣ ರೇವಣ್ಣ ಇದನ್ನು ನೋಡಿದ.

"ದಾಕ್ಷಿ, ಮಗು ಸೊರಗಿದೆ. ಸೋಮವಾರ ಮತ್ತೆ ಬರ್ತೀನಿ. ಮನೆ ಸರಿಯಾಗಿ ನಡೀತಿದ್ರೆ ಸರಿ. ಇಲ್ಲಾಂದ್ರೆ ಹಂಸನ್ನ ಕರ್ಕೊಂಡು ಹೋಗ್ತೀನಿ. ನಮ್ಮ ಮಕ್ಕಳ ಜೊತೆ ಬೆಳೀಲಿ."

ಅಣ್ಣ ಕೆಟ್ಟವನಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಸೋಮವಾರ ಬಂತು. ಅಂದೇ ಚಳಿಗೆ ಮೈಯೆಲ್ಲ ಮರಗಟ್ಟಿತ್ತು. ದಾಕ್ಷಾಯಿಣಿ ಗೋಡೆ ಹಿಡಿದು ಎದ್ದಳು. ಇವತ್ತು ಒಂದು ಕೆಲಸವಾದರೆ ಹೆಚ್ಚು ಎಂದು ಅವಳಿಗೆ ಗೊತ್ತಾಯಿತು. ಹಂಸ ರಂಗೋಲಿ ಡಬ್ಬಿ ತಂದು ಮುಂದೆ ಹಿಡಿದಳು.

"ಅಮ್ಮ, ಮಾವ ಬರೋ ಹೊತ್ತಾಯ್ತು."

ದಾಕ್ಷಾಯಿಣಿ ಮಗಳ ಮುಖ ನೋಡಿದಳು. "ಹಸಿವಾಗಿದೆಯಾ?"

"ಹೂಂ."

"ಡಬ್ಬಿ ಆ ಕಡೆ ಇಡು. ಈರುಳ್ಳಿ ಹೆಚ್ಚು. ನಾನು ರವೆ ಹುರೀತೀನಿ."

"ರಂಗೋಲಿ ನಾನೇ ಹಾಕ್ಲಾ?"

"ಆಮೇಲೆ. ಮೊದಲು ಹೊಟ್ಟೆಗೆ."

ಆ ವಠಾರದಲ್ಲಿ ಸಾವಾದ ಮನೆಯ ಮುಂದೆ ಮಾತ್ರ ಬೆಳಗ್ಗೆ ರಂಗೋಲಿ ಇರುತ್ತಿರಲಿಲ್ಲ. ಎದುರುಮನೆಯ ಹಾಲಮ್ಮ ಪೊರಕೆ ಹಿಡಿದು ಹೊರಗೆ ಬಂದಳು. ದಾಕ್ಷಾಯಿಣಿಯ ಬೋಳು ಬಾಗಿಲು ನೋಡಿ ಎದೆ ಬಡಿದುಕೊಂಡಳು.

"ಅಯ್ಯಯ್ಯೋ, ದಾಕ್ಷಾಯಿಣಿ ಹೋಗ್ಬಿಟ್ಲಲ್ರಪ್ಪೋ!"

ವಠಾರವೆಲ್ಲ ಸೇರಿತು. ಒಬ್ಬರು ಆಗಲೇ ಜನ ಕೂರಲು ಬೆಂಚು ತಂದು ಹಾಕಿದರು. ಅದೇ ಹೊತ್ತಿಗೆ ರೇವಣ್ಣ ಆಟೋ ಇಳಿದ. ಗುಂಪು ನೋಡಿದ, ಬಾಗಿಲು ನೋಡಿದ. "ದಾಕ್ಷೀ!" ಎಂದು ಅಳುತ್ತಾ ಓಡಿಬಂದು ಬಾಗಿಲು ತಳ್ಳಿದ.

ಒಳಗೆ ತಾಯಿ ಮಗಳು ಉಪ್ಪಿಟ್ಟು ತಿನ್ನುತ್ತಿದ್ದರು.

"ಯಾಕಣ್ಣ ಅಳ್ತಿದೀಯ? ಕೂತ್ಕೋ, ಬಿಸಿ ಇದೆ."

ರೇವಣ್ಣನಿಗೆ ಹೋದ ಜೀವ ಬಂತು, ಹಿಂದೆಯೇ ಸಿಟ್ಟೂ ಬಂತು. "ಬಾಗಿಲಿಗೆ ಒಂದೆಳೆ ರಂಗೋಲಿ ಹಾಕಲಾರದೋಳು ಮಗಳನ್ನ ಹೆಂಗೆ ಸಾಕ್ತೀಯೇ?"

ಬಾಗಿಲ ತುಂಬ ಜನ ನಿಂತಿದ್ದರು. ಬೇರೆ ದಿನವಾಗಿದ್ದರೆ ದಾಕ್ಷಾಯಿಣಿ ತಲೆ ತಗ್ಗಿಸುತ್ತಿದ್ದಳು. ಅಂದು ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಂಗೆ ಕೀಲುವಾತ ಅಣ್ಣ. ವಾಸಿಯಾಗಲ್ಲ. ಇವತ್ತು ಕೈಲಿದ್ದ ಶಕ್ತಿ ಒಂದೇ ಕೆಲಸಕ್ಕೆ ಸಾಕಾಗ್ತಿತ್ತು. ಬಾಗಿಲಿಗೆ ಹಾಕ್ಲಾ, ಮಗಳ ತಟ್ಟೆಗೆ ಹಾಕ್ಲಾ ಅಂತ ಯೋಚನೆ ಮಾಡ್ದೆ. ತಟ್ಟೆಗೆ ಹಾಕ್ದೆ. ಇಷ್ಟು ದಿನ ಬಾಗಿಲಿಗೇ ಹಾಕ್ತಿದ್ನಲ್ಲ, ಅದು ತಪ್ಪು."

ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳಬಾರದಿತ್ತೇನೇ? ನಿನ್ನ ರಂಗೋಲಿ ನೋಡಿ, ಪೈಪೋಟಿಗೆ ಬಿದ್ದು ನಾನು ಸೊಂಟ ಮುರ್ಕೊಂಡೆ!"

ಎಲ್ಲರೂ ನಕ್ಕರು. ದಾಕ್ಷಾಯಿಣಿಯೂ ನಕ್ಕಳು.

"ಈಗ ಕೇಳ್ತೀನಿ ಹಾಲಮ್ಮಕ್ಕ. ನಲ್ಲಿ ನೀರು ಬಂದಾಗ ನಮಗೂ ಎರಡು ಕೊಡ ಹಿಡ್ಕೊಡ್ತೀರಾ? ನಿಮ್ಮ ಮೊಮ್ಮಗಳಿಗೆ ಲೆಕ್ಕ ನಾನು ಹೇಳ್ಕೊಡ್ತೀನಿ."

"ಎರಡಲ್ಲ, ಹಂಡೆ ತುಂಬಿಸ್ತೀನಿ ಬಿಡು. ಆ ಹುಡುಗಿಗೆ ಮಗ್ಗಿ ಬಂದ್ರೆ ಸಾಕು."

ರೇವಣ್ಣ ಹಂಸಳ ಕಡೆ ತಿರುಗಿದ. "ನಮ್ಮನೆಗೆ ಬರ್ತೀಯೇನೇ ಪುಟ್ಟಿ?"

"ಬರ್ತೀನಿ ಮಾವ," ಎಂದಳು ಹಂಸ, ಬಾಯ್ತುಂಬ ಉಪ್ಪಿಟ್ಟು ಇಟ್ಟುಕೊಂಡೇ. "ಬೇಸಿಗೆ ರಜಕ್ಕೆ."

ರೇವಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. "ನಂಗೂ ಹಾಕು ದಾಕ್ಷಿ," ಎಂದ. ಅವಳು ಅಣ್ಣನಿಗೂ ಬಡಿಸಿದಳು, ತನ್ನ ಮನೆಯ ಯಜಮಾನಿಯಾಗಿ.

ನೀತಿ: ಕಾಯಿಲೆ ನಾಚಿಕೆಯಲ್ಲ. ಇರುವ ಕಸುವನ್ನು ನೋಡುವವರ ಕಣ್ಣಿಗಲ್ಲ, ನಂಬಿದವರ ಹೊಟ್ಟೆಗೆ ಮೀಸಲಿಡಿ. ಆಗದ ಕೆಲಸಕ್ಕೆ ನೆರವು ಕೇಳಿ, ತಲೆಯೆತ್ತಿಯೇ ಕೇಳಿ.