ಹೊಟ್ಟೆ ತುಂಬಿದ ಮೀನು

ಮೀನು ಮರಿ ಮಾಡುವ ಎರಡು ತಿಂಗಳು ಆ ಹೊಳೆಯಲ್ಲಿ ಯಾರೂ ಗಾಳ ಹಾಕುತ್ತಿರಲಿಲ್ಲ. ಗಡುವು ಮುಗಿದ ದಿನ ಬೆಳಿಗ್ಗೆ ಊರಿಗೆ ಹಿರಿಯನಾದ ಕೆಂಚಜ್ಜ ನೀರಿಗೆ ಅರಿಸಿನ ಚೆಲ್ಲಿ, "ಇನ್ನು ಹಾಕಿರಪ್ಪ" ಅನ್ನಬೇಕು. ಆಮೇಲೆಯೇ ಗಾಳ.

ತಿಪ್ಪೇಶ ಈ ಕೆಂಚಜ್ಜನ ಶಿಷ್ಯ. ಮೂರು ವರ್ಷದಿಂದ ಅಜ್ಜನ ಪಕ್ಕದಲ್ಲಿ ಕೂತು ಗಾಳ ಕಲಿಯುತ್ತಿದ್ದ. ಬುಟ್ಟಿ ತುಂಬಿದ ದಿನಗಳು ಕಡಿಮೆ.

ಈ ಸಲ ಗಡುವು ಮುಗಿಯುವ ಹಿಂದಿನ ದಿನ ಅವನ ಹೆಂಡತಿ ಗೌರವ್ವ ಖಡಾಖಂಡಿತವಾಗಿ ಹೇಳಿದ್ದಳು: "ನಾಳೆಯೂ ಬರೀ ಬುಟ್ಟಿ ತಂದರೆ ನಾಡಿದ್ದಿನಿಂದ ನಮ್ಮಣ್ಣನ ಇಟ್ಟಿಗೆ ಭಟ್ಟಿಗೆ ನಡಿ. ಇಟ್ಟಿಗೆಯಾದರೆ ಕೈಗೆ ಸಿಗುತ್ತವೆ, ಓಡಿಹೋಗುವುದಿಲ್ಲ."

ಆಗಲಿ ಎಂದು ಅವನೂ ಮಾತು ಕೊಟ್ಟಿದ್ದ. ಅಷ್ಟು ಧೈರ್ಯಕ್ಕೆ ಕಾರಣವಿತ್ತು. ಒಂದು ತಿಂಗಳಿಂದ ಅವನು ಯಾರಿಗೂ ಹೇಳದೆ, ದಿನವೂ ಸಂಜೆ ಓರೆಬಂಡೆಯ ಕೆಳಗಿನ ಮಡುವಿಗೆ ರಾಗಿ ಹಿಟ್ಟಿನ ಉಂಡೆ ಹಾಕುತ್ತ ಬಂದಿದ್ದ. ಮೊದಲು ನಾಲ್ಕು ಗೆಂಡೆಮೀನು ಬಂದವು, ಆಮೇಲೆ ಹತ್ತು. ಈಗ ನಲವತ್ತಕ್ಕೆ ಕಡಿಮೆಯಿಲ್ಲ.

ಮರುದಿನ ಅಜ್ಜ ಅರಿಸಿನ ಚೆಲ್ಲಿದ್ದೇ ತಡ, ತಿಪ್ಪೇಶ ಓರೆಬಂಡೆಯ ಮೇಲೆ ಹೋಗಿ ಕೂತ. ಒಂದು ಬೊಗಸೆ ಉಂಡೆ ಎರಚಿ ಮೀನು ಕೂಡಿಸಿದ. ನಡುವೆ ಗಾಳ ಬಿಟ್ಟ.

ಮೀನು ಬಂದವು. ಬೆಂಡು ನಡುಗಿತು. ಎಳೆದ. ಕೊಕ್ಕೆಯಲ್ಲಿ ಹಿಟ್ಟೂ ಇಲ್ಲ, ಮೀನೂ ಇಲ್ಲ.

ಮಧ್ಯಾಹ್ನದವರೆಗೂ ಅದೇ ಆಯಿತು. ಊಟ ಮಾಡಿ ಬಂದ ಮೇಲೂ ಅದೇ.

ಇಳಿಹೊತ್ತಿಗೆ ಹೊಳೆಯ ಕೆಳಗಡೆಯ ಇನ್ನೊಂದು ಮಡುವಿನಿಂದ ಗೆಳೆಯ ಹೊನ್ನೂರ ಗಾಳದ ಕೋಲು ಹೆಗಲಿಗಿಟ್ಟುಕೊಂಡು ಬಂದ.

"ನಮ್ಮ ಕಡೆ ಕಪ್ಪೆ ಕೂಡ ಮೂಸಿ ನೋಡಲಿಲ್ಲ ಮಾರಾಯ. ಹನ್ನೆರಡು ಜನ ಕೂತು ಬೆನ್ನು ಸುಟ್ಟುಕೊಂಡೆವು," ಎಂದವನು ಮಡುವಿನತ್ತ ಬಗ್ಗಿ ನೋಡಿದ. "ಅಲ್ಲೋ, ಹೊಳೆಯ ಮೀನೆಲ್ಲ ಇಲ್ಲೇ ಬೀಡುಬಿಟ್ಟಿವೆಯಲ್ಲ! ನಿನ್ನ ಬುಟ್ಟಿ ಎಲ್ಲಿ, ತೋರಿಸು."

ತಿಪ್ಪೇಶ ತೋರಿಸಿದ.

"ಭಲೆ!" ಎಂದು ಹೊನ್ನೂರ ನಕ್ಕು ಊರ ದಾರಿ ಹಿಡಿದ.

ಅವನ ಹಿಂದೆಯೇ ಕೆಂಚಜ್ಜ ಬಂದ. ಅಜ್ಜನ ಬುಟ್ಟಿಯೂ ಖಾಲಿ. ಹೆಗಲ ಮೇಲೆ ಬೀಸುಬಲೆ ಇತ್ತು. ಬಂಡೆಯ ಮೇಲೆ ಬಿದ್ದಿದ್ದ ಹಿಟ್ಟಿನ ಚೂರೊಂದನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಎಷ್ಟು ದಿನದಿಂದ ಹಾಕುತ್ತಿದ್ದೀಯ?"

ಮುಚ್ಚಿಟ್ಟು ಫಲವಿರಲಿಲ್ಲ. "ತಿಂಗಳಾಯಿತು ಅಜ್ಜ. ಇವು ಇಲ್ಲಿ ಕೂಡಿದರೆ ನನಗೆ ಸಲೀಸು ಅಂದುಕೊಂಡೆ. ಆದರೆ ಕೊಕ್ಕೆ ಮಾತ್ರ ಕಚ್ಚುತ್ತಿಲ್ಲ."

"ಹಸಿದ ಮೀನು ನುಂಗುತ್ತದೆ. ಹೊಟ್ಟೆ ತುಂಬಿದ್ದು ರುಚಿ ನೋಡುತ್ತದೆ. ಬೀಗರ ಹಾಗೆ ಸಾಕಿದ್ದೀಯ, ಬೀಗರ ಹಾಗೇ ತಿನ್ನುತ್ತಿವೆ."

ತಿಪ್ಪೇಶ ತಲೆ ತಗ್ಗಿಸಿದ. "ಕೆಳಗಿನ ಮಡುವಿನವರಿಗೂ ನನ್ನಿಂದಲೇ ಮೀನು ಇಲ್ಲದಾಯಿತು."

"ಆಯಿತು."

"ನಿಮಗೂ."

"ನನಗೂ."

ತಿಪ್ಪೇಶ ಗೌರವ್ವನಿಗೆ ಕೊಟ್ಟ ಮಾತನ್ನು ಹೇಳಿದ. "ಬರಿಗೈಯಲ್ಲಿ ಹೋದರೆ ಇವತ್ತಿಗೆ ನನ್ನ ಗಾಳ ಮುಗಿಯಿತು ಅಜ್ಜ."

ಕೆಂಚಜ್ಜ ಬಲೆಯನ್ನು ಹೆಗಲಿಂದಿಳಿಸಿ ಅವನ ಕೈಗೆ ಕೊಟ್ಟ. "ನಲವತ್ತೂ ಒಂದೇ ಕಡೆ ಇವೆ. ಬೀಸು."

"ಬೀಸಲೇ?"

"ಗಡುವು ಮುಗಿದಿದೆ. ತಪ್ಪು ಅನ್ನುವವರು ಯಾರೂ ಇಲ್ಲ."

ತಿಪ್ಪೇಶ ಬಲೆಯ ಅಂಚನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬಂಡೆಯ ತುದಿಗೆ ಬಂದ. ಒಂದೇ ಬೀಸಿಗೆ ಬುಟ್ಟಿ ತುಂಬುವುದು ಖಂಡಿತ. ತೋಳೆತ್ತಿದ. ನೆರಳು ನೀರಿನ ಮೇಲೆ ಬಿತ್ತು.

ಮನುಷ್ಯನ ನೆರಳು ಬಿದ್ದರೆ ಗೆಂಡೆಮೀನು ತಳಕ್ಕೆ ಇಳಿಯುತ್ತದೆ. ಇವು ಇಳಿಯಲಿಲ್ಲ. ಆ ನೆರಳಿನೊಳಕ್ಕೇ ಬಂದವು. ನೀರಿನ ಮಟ್ಟಕ್ಕೆ ಬಂದು ಬಾಯಿ ತೆರೆದು ನಿಂತವು.

ಅವನ ತೋಳು ಅಲ್ಲೇ ನಿಂತಿತು. ತುಸು ಹೊತ್ತಿಗೆ ನೋಯತೊಡಗಿತು.

"ಬೇಗ ಬೀಸಪ್ಪ, ಕತ್ತಲಾಗುತ್ತದೆ," ಎಂದ ಅಜ್ಜ.

ತಿಪ್ಪೇಶ ಬಲೆಯನ್ನು ಮೊಣಕೈಯಿಂದ ಬಿಡಿಸಿ, ಮಡಿಸಿ, ಅಜ್ಜನ ಕಾಲ ಬಳಿ ಇಟ್ಟ. ಉಳಿದ ಹಿಟ್ಟನ್ನು ನೀರಿಗೆ ಹಾಕಲಿಲ್ಲ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡ. ಖಾಲಿ ಬುಟ್ಟಿ ಎತ್ತಿದ.

"ಆಣೆ ಮಾಡಿದ ಹಾಗೆ ಮಾತು ಕೊಟ್ಟಿದ್ದೇನೆ. ನಾಳೆಯಿಂದ ಭಟ್ಟಿಗೆ ಹೋಗಲೇಬೇಕು."

"ಹೋಗು."

"ಮೂರು ವರ್ಷ ನಿಮ್ಮ ಹತ್ತಿರ ಕೂತದ್ದು ದಂಡವಾಯಿತಲ್ಲ ಅಜ್ಜ. ಮನೆಗೆ ಹೋಗಿ ಅವಳಿಗೆ ಏನೆಂದು ಹೇಳಲಿ?"

ಕೆಂಚಜ್ಜ ಬಲೆಯನ್ನು ಹೆಗಲಿಗೇರಿಸಿಕೊಂಡ.

"ಮೀನು ಸಿಗಲಿಲ್ಲ ಅಂತ ಹೇಳಬೇಡ. ಹಿಡಿಯಲಿಲ್ಲ ಅಂತ ಹೇಳು."