ಕೆಂಚಿ ಬಿಟ್ಟುಕೊಡದ ಬಾಗೆಮರ

ಒಂದು ಕಾಡಿನಲ್ಲಿ ಮರಗಳು ಒಂದಕ್ಕೊಂದು ಅಂಟಿಕೊಳ್ಳದೆ, ನಡುನಡುವೆ ಹುಲ್ಲಿಗೆ ಜಾಗ ಬಿಟ್ಟು ನಿಂತಿದ್ದವು. ಮೇಲೆ ಬಾಗೆ, ಕಮರ, ಹೊಂಗೆ. ಕೆಳಗೆ ಮೊಣಕಾಲೆತ್ತರದ ಹುಲ್ಲು. ಮರದ ಮೇಲೆ ಕಪ್ಪುಮೂತಿಯ ಕೋತಿಗಳಾದ ಮುಸುವಗಳು, ಹುಲ್ಲಿನಲ್ಲಿ ಜಿಂಕೆಗಳು. ಇವರ ನಡುವೆ ಹಳೆಯದೊಂದು ಪದ್ಧತಿ ಇತ್ತು. ಮುಂಗಾರಿಗೆ ಮೊದಲು ಮುಸುವಗಳು ತೆಳುವಾದ ಕೊಂಬೆಗಳನ್ನು ಸವರಿ ಕೆಳಗೆ ಹಾಕುತ್ತಿದ್ದವು. ಜಿಂಕೆಗಳು ಆ ಸೊಪ್ಪು ತಿನ್ನುತ್ತಿದ್ದವು. ತೆರೆದ ಸಂದಿಯಿಂದ ಬಿಸಿಲು ಇಳಿದು, ಮಳೆ ಬಿದ್ದೊಡನೆ ಹುಲ್ಲು ಏಳುತ್ತಿತ್ತು. ಅದರಲ್ಲಿ ಅರ್ಧ ಹುಲ್ಲಿಗೆ, ಬೀಜ ಉದುರುವ ತನಕ ಯಾರೂ ಬಾಯಿ ಹಾಕುತ್ತಿರಲಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗುವ ಹೊತ್ತಿಗೆ ಬಾಗೆಮರ ಚಿಗುರುತ್ತಿತ್ತು, ಮತ್ತೆ ಸೊಪ್ಪು. ಹುಲಿಯೋ ನರಿಯೋ ಸುಳಿದರೆ ಮುಸುವ ಮೇಲಿನಿಂದ 'ಖಕ್!' ಎನ್ನುತ್ತಿತ್ತು. ಈ ಪದ್ಧತಿಗೆ ಯಾರೂ ಯೋಜನೆ ಎಂದು ಹೆಸರಿಟ್ಟಿರಲಿಲ್ಲ. ಹೆಸರಿಡದೆ ಇದ್ದುದರಿಂದಲೋ ಏನೋ, ಅದು ಚೆನ್ನಾಗಿ ನಡೆಯುತ್ತಿತ್ತು.

ಆ ಮಂದೆಯಲ್ಲಿ ಕೆಂಚಿ ಎಂಬ ಹೆಣ್ಣುಜಿಂಕೆ ಇದ್ದಳು. ಮಾತು ಕಡಿಮೆ. ಹಿಂದಿನ ಬೇಸಿಗೆಯಲ್ಲಿ ಅವಳು ನೀರು ಹುಡುಕಿಕೊಂಡು ಬೋಳುಗುಡ್ಡದ ಆಚೆ ಹೋಗಿ ಅಲ್ಲಿಯೇ ಉಳಿದಿದ್ದಳು. ಅಲ್ಲಿ ನೀರಿತ್ತು, ಮರವಿರಲಿಲ್ಲ. ಸೊಪ್ಪಿಲ್ಲದೆ ಅವಳ ಹಾಲು ಬತ್ತಿತು. ಹಾಲಿಲ್ಲದೆ ಮರಿ ಹೋಯಿತು. ಆ ಸುದ್ದಿಯನ್ನು ಅವಳು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಆದರೆ ದೊಡ್ಡ ಬಾಗೆಮರದ ಬುಡದಲ್ಲಿ ಮಲಗುವಾಗ, ಪಕ್ಕದಲ್ಲಿ ಇನ್ನೊಬ್ಬರಿಗೆ ಸಾಲುವಷ್ಟು ಜಾಗ ಬಿಟ್ಟೇ ಮಲಗುತ್ತಿದ್ದಳು. ಈಗ ಅವಳು ಮತ್ತೆ ಬಸಿರಾಗಿದ್ದಳು. ಈ ಮರಿಯಾದರೂ ಬರುವ ಬೇಸಿಗೆಯನ್ನು ದಾಟಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಅದೇ ಕಾಡಿನಲ್ಲಿ ಒಬ್ಬ ನರಿಯೂ ಇದ್ದ. ಅವನಿಗೆ ಬೇಕಾದದ್ದೂ ಜಿಂಕೆಯ ಮರಿಯೇ; ಕಾರಣ ಮಾತ್ರ ಬೇರೆ. ಅವನು ಎಷ್ಟು ಮೆಲ್ಲಗೆ ಬಂದರೂ ಮೇಲಿನಿಂದ 'ಖಕ್!' ಕೇಳುತ್ತಿತ್ತು. ಇಲಿ, ಏಡಿ ತಿಂದು ತಿಂದು ಅವನ ನಾಲಿಗೆ ಜಡ್ಡುಗಟ್ಟಿತ್ತು. ಒಂದು ದಿನ ಅವನು ಊರಂಚಿನ ತೋಟದ ಬೇಲಿಯ ಕೆಳಗೆ ಮಲಗಿದ್ದ. ಒಳಗೆ ಯಾರೋ ರೈತರಿಗೆ, ಮರಗಳ ನಡುವೆ ಮೇವು ಬೆಳೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು. "ನೆರಳು ದಟ್ಟವಾದರೆ ಹುಲ್ಲು ಸೊರಗುತ್ತದೆ. ಆದ್ದರಿಂದ..." ಎಂದು ಅವರು ಮುಂದುವರಿಸುವಷ್ಟರಲ್ಲಿ ಹಿತ್ತಲಿನಲ್ಲಿ ಉಂಡ ಎಂಜಲೆಲೆಗಳನ್ನು ಎಸೆದ ಸದ್ದಾಯಿತು. ನರಿ ಎದ್ದು ಅತ್ತ ಓಡಿದ. ಪಂಡಿತನಾಗಲು ಅವನಿಗೆ ಅಷ್ಟು ವಿದ್ಯೆ ಸಾಕಾಗಿತ್ತು.

ಮರುದಿನ ಅವನು ಕಾಡಿನಲ್ಲಿ ಸಭೆ ಕರೆದ. ಹುತ್ತದ ಮೇಲೆ ನಿಂತು, ಬಾಲವನ್ನು ಶಾಲಿನಂತೆ ಹೆಗಲಿಗೆ ಎಳೆದುಕೊಂಡ.

"ಬಂಧುಗಳೇ, ನಾನು ಮಾಂಸ ಬಿಟ್ಟು ಬಹಳ ದಿನವಾಯಿತು," ಎಂದ. ಜಿಂಕೆಯ ಮಟ್ಟಿಗೆ ಅದು ನಿಜವೇ, ಸಿಕ್ಕಿರಲಿಲ್ಲ. "ಈಗ ನನ್ನ ಚಿಂತೆಯೆಲ್ಲ ಹುಲ್ಲಿನದು. ನಿಮ್ಮ ಹುಲ್ಲು ಯಾಕೆ ಮೊಣಕಾಲಿಗೇ ನಿಲ್ಲುತ್ತದೆ? ಅದರ ಬಿಸಿಲನ್ನು ಕದಿಯುವ ಕಳ್ಳ ಯಾರು? ನೆರಳು! ಮರ ತೆಗೆಯಿರಿ, ಆಮೇಲೆ ನೋಡಿ. ನಿಮ್ಮ ಯಜಮಾನರ ಕೊಂಬೂ ಮುಳುಗುವಷ್ಟು ಹುಲ್ಲು!"

ಮಂದೆಯ ಯಜಮಾನ ಕವಲಪ್ಪ ಎಂಬ ಗಂಡುಜಿಂಕೆ. ತನ್ನ ಕೊಂಬು ಮುಳುಗುವುದು ಗೌರವವೋ ಅವಮಾನವೋ ಅವನಿಗೆ ಕೂಡಲೇ ತಿಳಿಯಲಿಲ್ಲ. ಎಲ್ಲರೂ ತನ್ನ ಕೊಂಬಿನ ಕಡೆಗೇ ನೋಡುತ್ತಿದ್ದುದರಿಂದ ಗೌರವವೇ ಇರಬೇಕೆಂದುಕೊಂಡ. "ಪಂಡಿತರ ಮಾತಿನಲ್ಲಿ ತೂಕವಿದೆ," ಎಂದ.

ಬಾಗೆಮರದ ಮೇಲಿಂದ ಮುಸುವಜ್ಜಿ ಕೆಳಗೆ ಬಗ್ಗಿದಳು. "ಏ ಕವಲಪ್ಪ, ಕೂದಲು ಬೆಳೆಯಿತೆಂದು ಯಾರಾದರೂ ತಲೆ ತೆಗೆಯುತ್ತಾರೇನೋ? ನೆರಳು ಹೆಚ್ಚಾದರೆ ಕೊಂಬೆ ಸವರಿಕೊಡುತ್ತೇವಲ್ಲ. ಮರವೇ ಯಾಕೆ ಸಾಯಬೇಕು?"

"ನೋಡಿದಿರಾ?" ನರಿ ಮೆಲ್ಲಗೆ ನಕ್ಕ. "ಮರದ ಮೇಲೆ ಕೂತವರು ಮರದ ಪರವಾಗಿಯೇ ಮಾತಾಡುತ್ತಾರೆ. ಅವರಿಗೆ ಅವರ ಲಾಭ. ನನಗೇನು ಲಾಭ ಹೇಳಿ? ನಾನು ಹುಲ್ಲು ತಿನ್ನುತ್ತೇನೆಯೇ?"

ನರಿ ಹುಲ್ಲು ತಿನ್ನುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಏನು ತಿನ್ನುತ್ತಾನೆ ಎಂದು ಯಾರೂ ಕೇಳಲಿಲ್ಲ. ಸಭೆ ಅವನ ನಿಸ್ವಾರ್ಥಕ್ಕೆ ತಲೆದೂಗಿತು.

ಕೆಂಚಿ ಮಾತ್ರ ಹಿಂದಿನಿಂದ ಕೇಳಿದಳು: "ಬೇಸಿಗೆಯಲ್ಲಿ ಏನು ತಿನ್ನುವುದು, ಪಂಡಿತರೇ?"

"ಬೆಳೆದ ಹುಲ್ಲು ಬೇಸಿಗೆಗೂ ಉಳಿಯುತ್ತದೆ, ತಂಗಿ."

"ಒಣಹುಲ್ಲಿನಿಂದ ಹಾಲು ಬರುವುದಿಲ್ಲ."

"ಪಾಪ, ನಿನ್ನ ಸಂಕಟ ನನಗೆ ಗೊತ್ತು," ಎಂದು ನರಿ ಧ್ವನಿ ತಗ್ಗಿಸಿದ. "ಒಂದು ಮರಿ ಕಳೆದುಕೊಂಡ ತಾಯಿ. ಅವಳಿಗೆ ಎಲ್ಲ ಕಡೆಯೂ ಭಯವೇ ಕಾಣುತ್ತದೆ. ಅವಳ ಮಾತಿಗೆ ಯಾರೂ ಬೇಸರಪಡಬೇಡಿ." ಯಾರೂ ಬೇಸರಪಡಲಿಲ್ಲ. ಯಾರೂ ಉತ್ತರವನ್ನೂ ಕೊಡಲಿಲ್ಲ.

ಮರ ತೆಗೆಯುವ ಕೆಲಸ ಮುಳ್ಳುಹಂದಿ ಮುಳ್ಳಯ್ಯನ ಪಾಲಿಗೆ ಬಂತು. ಮರದ ಬುಡದ ತೊಗಟೆ ಕೆರೆದು ತಿನ್ನುವುದು ಅವನಿಗೆ ಮೊದಲೇ ಇಷ್ಟ. ಈ ಚಪಲಕ್ಕೆ ಇಷ್ಟು ದಿನ ಬೈಗುಳ ಸಿಗುತ್ತಿತ್ತು. ಈಗ ನರಿ ಅದಕ್ಕೊಂದು ಬಿರುದು ಕೊಟ್ಟ: 'ನೆರಳು ನಿವಾರಕ'. ಮುಳ್ಳಯ್ಯನ ಮುಳ್ಳುಗಳೆಲ್ಲ ಸಂತೋಷದಿಂದ ಸೆಟೆದು ನಿಂತವು. ಅವನು ಮರದಿಂದ ಮರಕ್ಕೆ ಹೋಗಿ, ಬುಡದ ತೊಗಟೆಯನ್ನು ಸುತ್ತಲೂ ಬಳೆಯ ಹಾಗೆ ತಿಂದ. ಅಂಥ ಬಳೆ ತೊಟ್ಟ ಮರ ಬದುಕುವುದಿಲ್ಲ.

ಕೊನೆಗೆ ಅವನು ದೊಡ್ಡ ಬಾಗೆಮರದ ಬಳಿಗೆ ಬಂದ. ಬುಡಕ್ಕೆ ಬೆನ್ನು ಕೊಟ್ಟು ಕೆಂಚಿ ಮಲಗಿದ್ದಳು.

"ಅಕ್ಕಾ, ಸ್ವಲ್ಪ ಸರಿ. ಸರ್ಕಾರಿ ಕೆಲಸ ಇದ್ದ ಹಾಗೆ ಇದು."

"ಸರಿಯುವುದಿಲ್ಲ."

"ನಾನು ಯಾರು ಗೊತ್ತೇ? ನೆರಳು ನಿವಾರಕ!"

"ಗೊತ್ತು. ಕೂತುಕೋ, ಬಿಸಿಲಿದೆ. ನೆರಳಿನಲ್ಲಿ ದಣಿವಾರಿಸಿಕೊಂಡು ಹೋಗು."

ಮುಳ್ಳಯ್ಯ ನೆರಳಿನಲ್ಲಿ ಕೂತು ಬಹಳ ಹೊತ್ತು ದಣಿವಾರಿಸಿಕೊಂಡ. ಮರುದಿನ ಬಂದ, ಅವಳು ಅಲ್ಲೇ ಇದ್ದಳು. ಅದರ ಮರುದಿನವೂ ಇದ್ದಳು. ಹಸಿವಾದಾಗ ಮುಸುವಜ್ಜಿ ಮೇಲಿನಿಂದ ಸೊಪ್ಪು ಉದುರಿಸುತ್ತಿದ್ದಳು. ನರಿಗೆ ಸುದ್ದಿ ಮುಟ್ಟಿತು. "ಹೋಗಲಿ ಬಿಡು," ಎಂದ. "ಒಂದು ಮರ, ಒಂದು ಮುದಿ ಮುಸುವ. ಮೂರ್ಖತನಕ್ಕೂ ಒಂದು ಸ್ಮಾರಕ ಬೇಕಲ್ಲ!" ಮಂದೆಯಲ್ಲಿ ಹರೆಯದ ಜಿಂಕೆಗಳು ಕೆಂಚಿಗೆ 'ಮರದ ಪೂಜಾರಿಣಿ' ಎಂದು ಹೆಸರಿಟ್ಟವು. ಅವಳು ಅದನ್ನೂ ಕೇಳಿಸಿಕೊಂಡು ಬುಡಕ್ಕೆ ಬೆನ್ನು ಕೊಟ್ಟೇ ಇದ್ದಳು.

ಮಳೆ ಬಂತು. ಸಾಯುತ್ತಿದ್ದ ಮರಗಳ ಎಲೆ ಹಳದಿಯಾಗಿ ಉದುರಿತು. ಮುಸುವಗಳು ಬೇರೆ ಕಾಡಿಗೆ ಹೊರಟುಹೋದವು. ಮುಸುವಜ್ಜಿ ಮಾತ್ರ ಉಳಿದಳು. ಮತ್ತು ಹುಲ್ಲು? ಹುಲ್ಲು ನಿಜವಾಗಿಯೂ ಎದ್ದಿತು. ಕವಲಪ್ಪನ ಕೊಂಬೂ ಮುಳುಗುವಷ್ಟು ಎತ್ತರಕ್ಕೆ ಎದ್ದಿತು. ಜಿಂಕೆಗಳು ಕುಣಿದಾಡಿದವು. ನರಿಗೆ ಹುಲ್ಲಿನದೇ ಹಾರ ಹಾಕಿ ಸನ್ಮಾನ ಮಾಡಿದವು. ಕವಲಪ್ಪ ಭಾಷಣ ಮಾಡಿದ: "ಇಷ್ಟು ಹುಲ್ಲಿರುವಾಗ ಬೀಜಕ್ಕೆಂದು ಅರ್ಧ ಬಿಡುವುದು ದರಿದ್ರರ ಲಕ್ಷಣ. ಎಲ್ಲವನ್ನೂ ತಿನ್ನಿ!" ಮಂದೆ ಎಂದೂ ಅಷ್ಟು ಒಗ್ಗಟ್ಟಿನಿಂದ ಯಜಮಾನನ ಮಾತು ಕೇಳಿರಲಿಲ್ಲ.

ಆದರೆ ಅಷ್ಟೆತ್ತರದ ಹುಲ್ಲಿನಲ್ಲಿ ಪಕ್ಕದಲ್ಲಿ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಮೇಲಿನಿಂದ ನೋಡಿ ಹೇಳುವವರೂ ಇರಲಿಲ್ಲ; ಆ ಹುಲ್ಲಿನಲ್ಲಿ ಮುಸುವಜ್ಜಿಗೆ ಕಾಣುತ್ತಿದ್ದದ್ದು ತನ್ನ ಮರದ ಸುತ್ತಮುತ್ತ ಮಾತ್ರ. ಒಂದು ಮರಿ ಕಾಣೆಯಾಯಿತು. ಆಮೇಲೆ ಇನ್ನೊಂದು. ನರಿ ತಾನೇ ಮುಂದೆ ನಿಂತು ಸಂತಾಪ ಸಭೆ ನಡೆಸಿದ. ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಅತ್ತು ಅತ್ತು ಅವನು ಎಷ್ಟು ಬಡವಾಗಿದ್ದನೆಂದರೆ, ಹೊಟ್ಟೆ ನೆಲಕ್ಕೆ ತಾಗುತ್ತಿತ್ತು.

ಮರಿ ಕಳೆದುಕೊಂಡ ತಾಯಿಯೊಬ್ಬಳು ಆ ಸಂಜೆ ಕೆಂಚಿಯ ಬಳಿ ಬಂದು ನಿಂತಳು. ಕೆಂಚಿಯನ್ನು ಪೂಜಾರಿಣಿ ಎಂದವರಲ್ಲಿ ಆ ತಾಯಿಯೂ ಒಬ್ಬಳು. ಕೆಂಚಿ ತನ್ನ ಪಕ್ಕದ ಖಾಲಿ ಜಾಗವನ್ನು ಮೂಗಿನಿಂದ ತೋರಿಸಿದಳು. ಆ ತಾಯಿ ಅಲ್ಲಿ ಮಲಗಿದಳು.

ಚಳಿಗಾಲದಲ್ಲಿ ಕೆಂಚಿ ಮರಿ ಹಾಕಿದಳು. ಕಾಲು ಸಣ್ಣ, ಕಿವಿ ದೊಡ್ಡ. ಆ ಹೊತ್ತಿಗೆ ಬಯಲಿನ ಹುಲ್ಲನ್ನು ಮಂದೆ ಬುಡದ ತನಕ ಮೇದಾಗಿತ್ತು. ಉಳಿದದ್ದು ಒಣಗಿ, ಗಾಳಿಗೆ ಹಾರಿತು. ಬಾಗೆಮರದ ಸುತ್ತ ಕೆಂಚಿ ಹಳೆಯ ಪದ್ಧತಿಯಂತೆ ಬಾಯಿ ಹಾಕದೆ ಕಾದಿಟ್ಟಿದ್ದ ಹುಲ್ಲು ಮಾತ್ರ ಬೀಜವಾಗಿ, ನೆಲಕ್ಕೆ ಉದುರಿ, ತನ್ನ ಕೆಲಸ ಮುಗಿಸಿ ಒಣಗಿತು.

ಆಮೇಲೆ ಬೇಸಿಗೆ ಬಂತು. ಸತ್ತ ಮರಗಳು ಕೈ ಎತ್ತಿಕೊಂಡು ನಿಂತಿದ್ದವು. ನೆಲ ಹೆಂಚಿನ ಹಾಗೆ ಕಾದಿತ್ತು. ನೆರಳನ್ನು ಪೂರ್ತಿಯಾಗಿ ನಿವಾರಿಸಲಾಗಿತ್ತು. ಆ ಮಟ್ಟಿಗೆ ಯೋಜನೆ ಯಶಸ್ವಿಯಾಗಿತ್ತು. ಇಡೀ ಬಯಲಿನಲ್ಲಿ ಹಸಿರಾಗಿ ಇದ್ದದ್ದು ಸ್ಮಾರಕ ಒಂದೇ. ದೊಡ್ಡ ಬಾಗೆಮರ ಮೈತುಂಬ ಚಿಗುರಿತ್ತು. ಮುಸುವಜ್ಜಿ ಸೊಪ್ಪು ಉದುರಿಸಿದಳು, ಕಾಯಿ ಉದುರಿಸಿದಳು. ಕೆಂಚಿ ತಿಂದಳು, ಕೆಚ್ಚಲಿಗೆ ಹಾಲು ಇಳಿಯಿತು. ಮಂದೆಯೆಲ್ಲ ನಾಚಿಕೊಳ್ಳುತ್ತ ಒಬ್ಬೊಬ್ಬರಾಗಿ ಅದೇ ನೆರಳಿಗೆ ಬಂದು ನಿಂತಿತು. ಕವಲಪ್ಪ ಎಲ್ಲರಿಗಿಂತ ಕೊನೆಗೆ ಬಂದ.

"ನಾನು ಮೊದಲಿನಿಂದಲೂ ಒಂದು ಮರ ಇರಲಿ ಎಂದೇ ಹೇಳುತ್ತಿದ್ದೆ," ಎಂದ.

"ಹೌದಪ್ಪಾ, ನಮಗೇ ಕಿವಿ ಮಂದ," ಎಂದಳು ಮುಸುವಜ್ಜಿ ಮೇಲಿನಿಂದ.

ಈಗ ಪಂಡಿತನ ಅವಸ್ಥೆಯನ್ನು ಕೇಳಿ. ಹುಲ್ಲು ವರ್ಷವಿಡೀ ಹಾಗೆಯೇ ನಿಂತಿರುತ್ತದೆ, ತಾನು ಅದರಲ್ಲಿ ಅಡಗಿಕೊಂಡು ಉಣ್ಣುತ್ತಲೇ ಇರಬಹುದು ಎಂದು ಅವನು ನಂಬಿದ್ದ. ಪಾಠದ ಉಳಿದರ್ಧ ಕೇಳಿದ್ದರೆ ತಿಳಿಯುತ್ತಿತ್ತೇನೋ. ಈಗ ಬಟ್ಟಬಯಲಿನಲ್ಲಿ ಅವನು ಬಾಲ ಅಲ್ಲಾಡಿಸಿದರೂ ಎಲ್ಲರಿಗೂ ಕಾಣುತ್ತಿತ್ತು. ಅಡಗಲು ಒಂದು ಎಸಳೂ ಇರಲಿಲ್ಲ. ಹಸಿವು ತಡೆಯದೆ ಒಂದು ಮಧ್ಯಾಹ್ನ ಅವನು ಕೆಂಚಿಯ ಮರಿಯ ಮೇಲೆ ಕಣ್ಣಿಟ್ಟು, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತ ಬಂದ.

'ಖಕ್!' ಎಂದಳು ಮುಸುವಜ್ಜಿ. ಅವನು ಇನ್ನೂ ಎಷ್ಟೋ ದೂರದಲ್ಲಿದ್ದ.

ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರು. ಮರಿ ತಾಯಿಯ ಹೊಟ್ಟೆಯಡಿ ನುಗ್ಗಿತು. ನರಿ ಎದ್ದು ನಿಂತು, ಮೈ ಧೂಳು ಕೊಡವಿಕೊಂಡ. ಹಿಂದಕ್ಕೆ ಹೋಗೋಣವೆಂದರೆ ಅಂಗಾಲು ಸುಡುತ್ತಿತ್ತು. ನಾಲಿಗೆ ಒಂದು ಗೇಣು ಹೊರಗಿತ್ತು.

"ತಂಗಿ, ನಾನು ಯೋಜನೆಯ ಪರಿಶೀಲನೆಗೆ ಬಂದೆ," ಎಂದ. "ದಾರಿಯಲ್ಲಿ ಬಿಸಿಲು ಹೆಚ್ಚಾಯಿತು. ಒಂದು ಗಳಿಗೆ ನೆರಳಿಗೆ ಬರಲೇ?"

ಬಾಗೆಮರದ ಬುಡದಲ್ಲಿ ಕೆಂಚಿ ಅಷ್ಟು ಮಾತಾಡಿದ್ದು ಅದೇ ಮೊದಲು.

"ನೆರಳು ಕಳ್ಳ ಎಂದು ನೀವೇ ಹೇಳಿಕೊಟ್ಟಿರಿ, ಪಂಡಿತರೇ. ನಿಮ್ಮಂಥ ದೊಡ್ಡವರನ್ನು ಕಳ್ಳನ ಹತ್ತಿರ ಹೇಗೆ ಕೂರಿಸಲಿ? ನಮ್ಮ ಪಾಲಿನ ಬಿಸಿಲನ್ನೂ ನೀವೇ ಇಟ್ಟುಕೊಳ್ಳಿ. ನಾವು ಹೇಗೋ ಈ ಮೂರ್ಖತನದಲ್ಲೇ ದಿನ ಕಳೆಯುತ್ತೇವೆ."

ಮರಿ ಕಳೆದುಕೊಂಡ ತಾಯಂದಿರು ಮುಂದೆ ಬಂದು ನಿಂತರು. ಕವಲಪ್ಪನೂ ಕೊಂಬು ತಗ್ಗಿಸಿದ; ಆ ಕೊಂಬು ಒಂದು ಕೆಲಸಕ್ಕೆ ಬಂದದ್ದು ಅಂದೇ. ನರಿ ಓಟ ಕಿತ್ತ. ಬಯಲೆಲ್ಲ ಓಡಿದರೂ ಕಂಡದ್ದು ಒಂದೇ ಕತ್ತಲು, ಮುಳ್ಳಯ್ಯನ ಬಿಲ. ಹಿಂದೆಮುಂದೆ ನೋಡದೆ ತಲೆ ಒಳಗೆ ತೂರಿಸಿದ.

ಒಳಗೆ ಮುಳ್ಳಯ್ಯ ಮಲಗಿದ್ದ. ಸತ್ತ ಮರದ ತೊಗಟೆಗೆ ರುಚಿಯಿಲ್ಲವೆಂಬುದು ಅವನಿಗೆ ಬಿರುದು ಸಿಕ್ಕ ಮೇಲೆ ತಿಳಿದಿತ್ತು. ಅವನೂ ಹಸಿದಿದ್ದ, ಸಿಟ್ಟಾಗಿದ್ದ.

"ಯಾರದು ನೆರಳಿಗೆ ನುಗ್ಗಿದ್ದು?"

"ನಾನು ಕಣಯ್ಯ, ಪಂಡಿತ! ಸ್ವಲ್ಪ ಜಾಗ ಬಿಡು!"

"ಕ್ಷಮಿಸಿ, ಸ್ವಾಮಿ. ನೆರಳಿನಿಂದ ನಿಮ್ಮನ್ನು ಕಾಪಾಡುವುದು ನನ್ನ ಕರ್ತವ್ಯ," ಎಂದ ಮುಳ್ಳಯ್ಯ. ಮುಳ್ಳುಗಳನ್ನೆಲ್ಲ ಸೆಟೆಸಿ, ಹಿಮ್ಮುಖವಾಗಿ ಜೋರಾಗಿ ಬಂದು ಗುದ್ದಿದ.

ನರಿ ಹೊರಗೆ ಬಂದಾಗ ಅವನ ಮೂತಿ ಮುಳ್ಳಿನ ಪೊದೆಯಾಗಿತ್ತು. ಬಾಯಿ ತೆರೆಯಲಾಗಲಿಲ್ಲ. ಉಣ್ಣಲೂ ಆಗಲಿಲ್ಲ, ಉಪದೇಶಿಸಲೂ ಆಗಲಿಲ್ಲ. ಉರಿಬಿಸಿಲಿನಲ್ಲಿ ಬೋಳುಗುಡ್ಡ ಹತ್ತಿ ಹೋದವನು ಮತ್ತೆ ಆ ಕಾಡಿನಲ್ಲಿ ಕಾಣಲಿಲ್ಲ. ಅವನಿಗಾಗಿ ಯಾರೂ ಸಂತಾಪ ಸಭೆ ನಡೆಸಲಿಲ್ಲ. ಅದನ್ನು ನಡೆಸಲು ಬರುತ್ತಿದ್ದದ್ದು ಅವನೊಬ್ಬನಿಗೇ.

ಮುಂಗಾರು ಬಂತು. ಬಾಗೆಮರದ ಸುತ್ತ ಮೊದಲು ಹಸಿರಾಯಿತು. ಅಲ್ಲಿಂದ ಹುಲ್ಲು ಮೆಲ್ಲಮೆಲ್ಲಗೆ ಬಯಲಿನ ಕಡೆಗೆ ಹೆಜ್ಜೆ ಇಟ್ಟಿತು. ಜಿಂಕೆಗಳು ಬಾಗೆಯ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಸಸಿಗಳು ಎದ್ದವು. ಅವನ್ನು ತುಳಿಯದಂತೆ ಕವಲಪ್ಪ ಕಾಲೆತ್ತಿ ಎತ್ತಿ ನಡೆಯುತ್ತಿದ್ದ. ಬೀಜ ಉದುರುವ ತನಕ ಅರ್ಧ ಹುಲ್ಲಿಗೆ ಬಾಯಿ ಹಾಕಬಾರದೆಂದು ಯಾರೂ ಹೇಳಬೇಕಾಗಲಿಲ್ಲ.

ಕೆಂಚಿಯ ಮರಿ ಬೇಸಿಗೆ ದಾಟಿತ್ತು. ಅದಕ್ಕೀಗ ತಾಯಿಯ ಪಕ್ಕದಲ್ಲಿ ಮಲಗುವ ವ್ಯವಧಾನವಿರಲಿಲ್ಲ, ಬಯಲೆಲ್ಲ ಓಡುತ್ತಿತ್ತು. ಕೆಂಚಿ ಮಾತ್ರ ಹಿಂದಿನ ಹಾಗೆಯೇ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು ಮಲಗುತ್ತಿದ್ದಳು. ಅಲ್ಲಿ ಒಂದು ಬಾಗೆಯ ಸಸಿ, ಎರಡು ಎಲೆ ಬಿಟ್ಟು, ಅವಳ ಉಸಿರಿಗೆ ಅಲ್ಲಾಡುತ್ತಿತ್ತು.

ನೀತಿ: ಕೊಂಬೆ ಸವರಿದರೆ ಸಾಕಾಗುವ ಕಡೆ ಬುಡಕ್ಕೆ ಬಾಯಿ ಹಾಕಬಾರದು, ಮತ್ತು ಯಾರ ಸಲಹೆಯನ್ನಾದರೂ ಒಪ್ಪುವ ಮೊದಲು ಅವನು ಏನು ತಿನ್ನುವವನು ಎಂದು ಕೇಳಬೇಕು.