ತೂಗುವ ಎಂಜಿನ್ನಿನ ಕೆಳಗೆ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಮಾರಿಸ್ ಕಾರಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದ್ದು. ಯಾರೋ ಭಕ್ತರು ಕೊಟ್ಟು ಕೈತೊಳೆದುಕೊಂಡಿದ್ದರು.

ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ಹಾವು ಕಚ್ಚಲಿ, ಯಾರಿಗೆ ಹೆರಿಗೆ ನೋವು ಬರಲಿ, ಆಸ್ಪತ್ರೆಗೆ ಹೊರಡುತ್ತಿದ್ದದ್ದು ಅದೊಂದೇ ಕಾರು. ಆಶ್ರಮದ ಗುರುಗಳಾದ ಗುರುಪಾದಯ್ಯನವರು ತಾವೇ ಓಡಿಸುತ್ತಿದ್ದರು.

ಒಂದು ದಿನ ನೋಡುತ್ತಾರೆ, ಎಂಜಿನ್ನನ್ನು ಹಿಡಿದಿಟ್ಟಿದ್ದ ನಾಲ್ಕೂ ಬೋಲ್ಟುಗಳನ್ನು ತುಕ್ಕು ತಿಂದುಬಿಟ್ಟಿದೆ. ಗುರುಗಳೂ ಶಿಷ್ಯ ಗವಿಯಪ್ಪನೂ ಸೇರಿ ಎಂಜಿನ್ನು ಕಳಚಿ, ಹುಣಸೆಮರದ ಕೊಂಬೆಗೆ ರಾಟೆ ಕಟ್ಟಿ, ಸರಪಣಿ ಹಾಕಿ ತೂಗುಬಿಟ್ಟರು.

"ಸರಪಣಿ ನೋಡಿದೆಯೇನೋ? ಮರದ ಮಿಲ್ಲಿನೋರು ಬಿಸಾಡಿದ್ದು. ಪುಕ್ಕಟೆ ತಂದೆ," ಅಂತ ಗುರುಗಳು ಗಡ್ಡ ಸವರಿಕೊಂಡರು. ಸನ್ಯಾಸಿಯಾದರೇನು, ಪುಕ್ಕಟೆ ಸಿಕ್ಕಿದರೆ ಯಾರಿಗೆ ಬೇಜಾರು ಹೇಳಿ.

ಆಶ್ರಮದ ಅಡುಗೆಯ ಚೆನ್ನಾಜಮ್ಮ ದಿನಾ ಬಂದು ಕಾರಿನ ಖಾಲಿ ಹೊಟ್ಟೆಯನ್ನು ಇಣುಕಿ ನೋಡುವಳು. ಅವಳ ಮಗಳು ಗೌರಿಗೆ ದಿನ ತುಂಬಿತ್ತು. ಚೊಚ್ಚಲ ಮಗು ಎತ್ತಿನ ಗಾಡಿಯಲ್ಲಿ, ಅರ್ಧ ದಾರಿಯಲ್ಲೇ ಹೋಗಿಬಿಟ್ಟಿತ್ತು.

"ಕಾರು ಆಗುತ್ತೇನಪ್ಪ ಗವಿಯಪ್ಪ?"

"ಆಗುತ್ತೆ ಕಣವ್ವ. ಹೆದರಬೇಡ."

ಗವಿಯಪ್ಪ ಪೇಟೆಗೆ ಹೋದ. ಹಳೇ ಬೋಲ್ಟು ತೋರಿಸಿದರೆ ಅಂಗಡಿಯವರು ನಕ್ಕರು. ಈ ಥ್ರೆಡ್ಡಿನದು ಬೊಂಬಾಯಿಯಿಂದಲೇ ಬರಬೇಕು ಅಂದರು. ಬೆಲೆ ಕೇಳಿ ಅವನಿಗೆ ತಲೆ ತಿರುಗಿತು. ಅಷ್ಟು ದುಡ್ಡಿಗೆ ಆಶ್ರಮದವರೆಲ್ಲ ಮಳೆಗಾಲ ಪೂರ್ತಿ ಉಣ್ಣಬಹುದಿತ್ತು.

ಸಂಜೆ ವಾಪಸು ಬಂದಾಗ ಅವನ ಕೈಯಲ್ಲಿ ಫಳಫಳ ಹೊಳೆಯುವ ನಾಲ್ಕು ಬೋಲ್ಟು, ನಾಲ್ಕು ನಟ್ಟು ಇದ್ದವು.

"ಕಡ್ಲೆಪುರಿ ದುಡ್ಡಿಗೆ ಸಿಕ್ಕಿತು ಬುದ್ಧೀ!"

"ಗಟ್ಟಿಯೇನೋ?"

"ಕಲ್ಲಿದ್ದ ಹಾಗೆ."

ಗುರುಗಳು ಒಂದನ್ನು ತಿರುಗಿಸಿ ನೋಡಿದರು.

ಎಂಜಿನ್ನಿನ ಎರಡೂ ಪಕ್ಕ ಬೋಲ್ಟು ಕೂರುವ ಕಿವಿಗಳಿದ್ದವು. "ಎಂಜಿನ್ನು ಇಳಿಸಿ, ಆ ಕಿವಿಗಳಿಗೆ ನಿನ್ನ ಬೋಲ್ಟು ಹಾಕಿ ಸರಪಣಿಗೆ ಬಿಗಿ," ಅಂದರು. "ಆಮೇಲೆ ಮೇಲಕ್ಕೆತ್ತು."

ಗವಿಯಪ್ಪ ಬಿಗಿದ. ಎತ್ತಿದ. ಗುರುಗಳು ಚಾಪೆ ತಂದು ಒದರಿ, ತೂಗುವ ಎಂಜಿನ್ನಿನ ಸರೀ ಕೆಳಗೆ ಹಾಸಿದರು. ಶಲ್ಯ ಮಡಚಿ ತಲೆದಿಂಬು ಮಾಡಿಕೊಂಡು ಅಂಗಾತ ಮಲಗಿಬಿಟ್ಟರು!

"ಬುದ್ಧೀ! ಏನು ಮಾಡ್ತಾ ಇದ್ದೀರಿ?"

"ಸ್ವಲ್ಪ ಬೆನ್ನು ಚಾಚ್ತೀನಿ."

"ಅಲ್ಲಿ ಬೇಡಿ! ದಮ್ಮಯ್ಯ ಅಂತೀನಿ, ಏಳಿ!"

"ಯಾಕೋ? ತಂಪಾಗಿದೆ."

"ಮೇಲೆ ಎಂಜಿನ್ನು ಇದೆ!"

"ಇರಲಿ ಬಿಡು. ಹಿಡಿದಿರೋದು ನಿನ್ನ ಬೋಲ್ಟು. ಕಲ್ಲಿದ್ದ ಹಾಗೆ ಅಂದೆಯಲ್ಲ."

ಗಾಳಿ ಬೀಸಿತು. ಎಂಜಿನ್ನು ಮೆಲ್ಲಗೆ ತಿರುಗಿ ಕಿರ್ ಅಂದಿತು.

ಗವಿಯಪ್ಪ ನುಗ್ಗಿ ಹೋದವನೇ ಗುರುಗಳ ಎರಡೂ ಪಾದ ಹಿಡಿದು ದರದರ ಈಚೆಗೆ ಎಳೆದುಬಿಟ್ಟ.

ಬಾವಿಕಟ್ಟೆಯಲ್ಲಿದ್ದ ಚೆನ್ನಾಜಮ್ಮ ಬಾಯಿಮೇಲೆ ಕೈ ಇಟ್ಟುಕೊಂಡಳು. ಗುರುಗಳ ಪಾದ ಹಿಡಿದು ಕಣ್ಣಿಗೆ ಒತ್ತಿಕೊಳ್ಳುವವರನ್ನು ಅವಳು ಕಂಡಿದ್ದಳು. ಸೌದೆ ಎಳೆದ ಹಾಗೆ ಎಳೆದವರನ್ನು ಕಂಡಿರಲಿಲ್ಲ. "ಅಯ್ಯಯ್ಯೋ ಶಿವನೇ!" ಅಂತ ಓಡಿಬಂದಳು.

ಗುರುಗಳು ಎದ್ದು ಕೂತು ಮೈಮೇಲಿನ ಮಣ್ಣು ಕೊಡವಿದರು.

"ಬೋಲ್ಟು ಮುರಿಯಿತೇನೋ?"

"ಇಲ್ಲ ಬುದ್ಧೀ."

"ಮತ್ತೆ ಯಾಕೆ ಎಳೆದೆ?"

"ಅಂಗಡಿಯೋನು ಹೇಳಿದ್ದ ಬುದ್ಧೀ. ಇವು ಗೇಟಿಗೆ, ಶೆಡ್ಡಿಗೆ ಆಗುತ್ತವೆ, ಎಂಜಿನ್ನಿಗೆ ಹಾಕಬೇಡ ಅಂತ."

"ನನ್ನ ಮಗಳನ್ನ ಇದರಲ್ಲಿ ಕೂರಿಸ್ತಾ ಇದ್ದೆಯೇನಪ್ಪ?" ಅಂದಳು ಚೆನ್ನಾಜಮ್ಮ.

ಗವಿಯಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಕೇಳಿದ, "ಅಗ್ಗದ್ದು ಬೇಡ ಅಂದರೆ ಏನು ತರಲಿ ಬುದ್ಧೀ? ದುಬಾರಿದು ತರೋಕೆ ನಮ್ಮ ಹತ್ತಿರ ಏನಿದೆ?"

"ಅಗ್ಗದ್ದು ಬೇಡ ಅಂದೋರು ಯಾರು? ಅಗ್ಗದ್ದೇ ತಾ. ನಾವೇನು ಅರಮನೆಯೋರಾ? ಆದರೆ ತಂದೋನು ಮೊದಲು ಅದರ ಕೆಳಗೆ ಮಲಗಬೇಕು. ಅಷ್ಟೇ."

ಗವಿಯಪ್ಪ ಮತ್ತೆ ಹೊರಟ. ಈ ಸಲ ಅಂಗಡಿಬೀದಿಗೆ ಹೋಗಲಿಲ್ಲ, ಗುಜರಿಗಳನ್ನು ಸುತ್ತಿದ. ಕೊನೆಗೊಂದು ಗುಜರಿಯ ಮೂಲೆಯಲ್ಲಿ, ಹಿಟ್ಟಿನ ಗಿರಣಿಯ ಸತ್ತ ಎಂಜಿನ್ನೊಂದು ಬಿದ್ದಿತ್ತು. ಅದೂ ಇಂಗ್ಲೆಂಡಿನದೇ, ಕಾರಿನ ವಾರಿಗೆಯದೇ. ಅದರ ಬೋಲ್ಟಿಗೆ ಕಾರಿನ ಹಳೇ ನಟ್ಟು ಹಾಕಿ ನೋಡಿದರೆ ಬೆರಳಲ್ಲೇ ಸರಾಗ ತಿರುಗಿತು. ಗುಜರಿ ಸಾಹೇಬರು ಅದರ ಬೋಲ್ಟುಗಳನ್ನೆಲ್ಲ ಕಬ್ಬಿಣದ ತೂಕಕ್ಕೆ ಕೊಟ್ಟು ಕಳಿಸಿದರು.

ಗವಿಯಪ್ಪ ಅವನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಉಜ್ಜಿದ. ಒಂದೊಂದನ್ನೂ ಕಲ್ಲಿಗೆ ಬಡಿದು ಕಿವಿಗೊಟ್ಟು ಕೇಳಿದ. ಒಡಕು ದನಿ ಬಂದದ್ದನ್ನು ಬಿಸಾಡಿದ, ಗೆರೆ ಕಂಡದ್ದನ್ನೂ ಬಿಸಾಡಿದ. ಉಳಿದವುಗಳಲ್ಲಿ ನಾಲ್ಕನ್ನು ಆರಿಸಿ, ಎಂಜಿನ್ನಿಗೆ ಬಿಗಿದು ಮೇಲಕ್ಕೆತ್ತಿದ.

ಆಮೇಲೆ ಚಾಪೆ ಹಾಸಿಕೊಂಡು ಕೆಳಗೆ ಮಲಗಿದ.

ಮೊದಮೊದಲು ಜೀವ ಬಾಯಿಗೆ ಬಂದಿತ್ತು. ಮೇಲಿದ್ದ ನಾಲ್ಕೂ ಬೋಲ್ಟುಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಗೊತ್ತಿದ್ದವೇ. ಹಾಗೇ ನಿದ್ದೆ ಬಂತು.

ಗುರುಗಳು ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಬರುತ್ತಿದ್ದರು. ಮಲಗಿದ್ದ ಶಿಷ್ಯನನ್ನು ನೋಡಿ ಮುಗುಳ್ನಕ್ಕರು. ಆಮೇಲೆ ಕತ್ತೆತ್ತಿ ಕೊಂಬೆಯ ಕಡೆ ನೋಡಿದರು. ತಂಬಿಗೆ ಕೈಜಾರಿ ಠಣ್ ಎಂದು ಬಿತ್ತು. ಓಡಿಬಂದವರೇ ಗವಿಯಪ್ಪನ ಎರಡೂ ಕಾಲು ಹಿಡಿದು ದರದರ ಎಳೆದರು.

ಗವಿಯಪ್ಪ ಬೆಚ್ಚಿಬಿದ್ದು ಎದ್ದ. ಕಾಲು ಹಿಡಿದವರು ಯಾರೆಂದು ಕಂಡು ಕಾಲು ಹಿಂದಕ್ಕೆಳೆದುಕೊಂಡ.

"ಶಿವಶಿವಾ! ನೀವು ನನ್ನ ಕಾಲು ಮುಟ್ಟೋದೇ? ನನ್ನ ಬೋಲ್ಟಿನ ಮೇಲೆ ಇನ್ನೂ ನಂಬಿಕೆ ಬರಲಿಲ್ಲವಾ ಬುದ್ಧೀ?"

ಗುರುಗಳು ಏದುಸಿರು ಬಿಡುತ್ತ ಮೇಲಕ್ಕೆ ಬೆರಳು ತೋರಿಸಿದರು.

"ನಿನ್ನ ಬೋಲ್ಟಿಗೆ ಗೌರಿ ಮಗೂನ ತೊಟ್ಟಿಲು ಬೇಕಾದರೂ ಕಟ್ತೀನಿ ಕಣೋ. ಆ ಪುಕ್ಕಟೆ ಸರಪಣಿ ತಂದೋನು ನಾನಲ್ವೇನೋ!"